ನಾಲ್ಕಾಗದಿದ್ದರೆ ಎರಡಾದರೂ ‘ಕಟಕ್’ ಅನ್ನಲಿ

ನಾಟಕದ ಸಾಮಾನು, ಸಿನಿಮಾದ ಸಾಮಾನು, ಅಟ್ಟದ ಮೇಲಿನ ಹಳೆಯ ಸಾಮಾನು: ಓದುಗರು ಕೇಳಿದ್ದಕ್ಕೆ ಮುಂಬಯಿಯ ನಿವೃತ್ತ ಪ್ರಾಪರ್ಟಿಯವರ (ರಂಗಕ್ಕೆ, ಸಿನಿಮಾಕ್ಕೆ ಸಾಮಾನು ಒದಗಿಸುತ್ತಿದ್ದವರ) ಉತ್ತರ.

ಪ್ರಶ್ನೆ: ಅಣ್ಣಾ, ನಮಸ್ಕಾರ. ಊರು ಹುಬ್ಬಳ್ಳಿ, ಮನೆ ಡೊಂಬಿವಲಿ ಪೂರ್ವ, ಬ್ಯಾಂಕಿನಿಂದ ನಿವೃತ್ತನಾಗಿ ಎರಡು ವರ್ಷವಾಯಿತು. ಹುಡುಗನಾಗಿದ್ದಾಗ ಗಾಂಧಿ ಕ್ಲಾಸಿನಲ್ಲಿ ಕೂತು ನೋಡಿದ ಕೌಬಾಯ್ ಚಿತ್ರಗಳ ಉದ್ದ ನಳಿಗೆಯ ರಿವಾಲ್ವರ್ ಇನ್ನೂ ತಲೆಯಿಂದ ಇಳಿದಿಲ್ಲ. ಅದರದೊಂದು ನಕಲು ತಂದು ಹಾಲಿನ ಗೋಡೆಗೆ ಹಾಕುವ ಆಸೆ. ನಮ್ಮ ಸಂಘದವರು ಜನವರಿಯಲ್ಲಿ ಆಡುವ ಹಾಸ್ಯ ನಾಟಕದಲ್ಲೂ ಒಬ್ಬ ಕೌಬಾಯ್ ಬರುತ್ತಾನೆ, ಅಲ್ಲಿಗೂ ಆದೀತು. ಆರು ಸಾವಿರದೊಳಗೆ ಆಗಬೇಕು. ಅದನ್ನು ದಾಟಿದರೆ ಮನೆಯಲ್ಲಿ ನಿಜವಾದ ಗುಂಡೇ ಹಾರುತ್ತದೆ. ಹುಡುಕಿದರೆ ಇಟಲಿಯದು, ಸ್ಪೇನಿನದು, ಜರ್ಮನಿಯದು ಅಂತ ತಲೆ ಕೆಟ್ಟುಹೋಗುತ್ತದೆ. ಯಾವುದು ತಗೊಳ್ಳಲಿ?

ಉತ್ತರ: ಇಟಲಿಯದು ಬೇಡ. ಮುಂದಿನದನ್ನು ಓದದೆ ಪುಟ ತಿರುಗಿಸಿದರೂ ಇದೊಂದನ್ನು ನೆನಪಿಟ್ಟುಕೊಳ್ಳಿ ಮಾರಾಯ್ರೆ.

ನಕಲು ಅಂದಕೂಡಲೇ ನಮ್ಮ ಮನಸ್ಸಿಗೆ ಬರುವುದು ಆಟಿಕೆ. ಇಟಲಿಯ ಉಬೆರ್ಟಿ, ಪಿಯೆಟ್ಟಾ ಮುಂತಾದವರು ಮಾಡುವ ನಕಲು ಆಟಿಕೆಯಲ್ಲ. ನೀವು ನೋಡಿದ ಕೌಬಾಯ್ ರಿವಾಲ್ವರ್, ಅಂದರೆ ಅಮೆರಿಕದ ಕೋಲ್ಟ್ ಕಂಪನಿಯ 1873ರ ಮಾದರಿ, ಹೇಗಿತ್ತೋ ಹಾಗೆಯೇ ಉಕ್ಕಿನಲ್ಲಿ ಮಾಡಿದ, ಗುಂಡು ಹಾರಿಸುವ ರಿವಾಲ್ವರ್ ಅದು. ಹೆಸರು ಮಾತ್ರ ನಕಲು, ಕೆಲಸ ಅಸಲಿ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ 2021ರ ಅಕ್ಟೋಬರಿನಲ್ಲಿ ಚಿತ್ರೀಕರಣದ ಹೊತ್ತಿಗೆ ಛಾಯಾಗ್ರಾಹಕಿ ಹೆಲೀನಾ ಹಚಿನ್ಸ್ ಸತ್ತರಲ್ಲ, ಅಲ್ಲಿದ್ದದ್ದು ಪಿಯೆಟ್ಟಾದ ಇಂಥದೇ ರಿವಾಲ್ವರ್. ಡಮ್ಮಿ ಗುಂಡು ಇರಬೇಕಾದಲ್ಲಿ ನಿಜವಾದ ಗುಂಡು ಸೇರಿಕೊಂಡಿತ್ತು. ಆ ಸುದ್ದಿ ಬಂದ ದಿನ ಗೋರೆಗಾಂವಿನಲ್ಲಿ ನನ್ನ ಕೈಕೆಳಗೆ ಕೆಲಸ ಕಲಿತ ಹುಡುಗ ಫೋನ್ ಮಾಡಿ, ‘ದಾದಾ, ನಕಲಿ ಪಿಸ್ತೂಲಿನಲ್ಲಿ ಹೇಗೆ ಸತ್ತರು?’ ಅಂತ ಕೇಳಿದ. ಇಪ್ಪತ್ತು ವರ್ಷ ಪ್ರಾಪರ್ಟಿ ಕೆಲಸ ಮಾಡಿದವನಿಗೇ ಈ ಗೊಂದಲ ಅಂದಮೇಲೆ ನಿಮಗೆ ಆದದ್ದರಲ್ಲಿ ತಪ್ಪೇನಿಲ್ಲ. ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದೆ ಅಂಥದನ್ನು ಇಟ್ಟುಕೊಂಡರೆ 1959ರ ಆರ್ಮ್ಸ್ ಆ್ಯಕ್ಟ್ ನೇರ ಮನೆಗೇ ಬರುತ್ತದೆ. ಗೋಡೆಗೆ ಹಾಕಿದ್ದೆ ಅಂದರೆ ಕೇಳುವವರಿಲ್ಲ.

ಜರ್ಮನಿಯದೂ ಬೇಡ. ಅಂದರೆ ಉಮಾರೆಕ್ಸ್‌ನವರು ಕೋಲ್ಟ್ ಹೆಸರಿನಲ್ಲೇ ಮಾಡುವ ಗ್ಯಾಸಿನ ರಿವಾಲ್ವರ್. ನೋಡಲು ಚೆಂದ, ತೂಕವೂ ಇದೆ, ಹಿಡಿಯೊಳಗೆ ಸಣ್ಣ ಗ್ಯಾಸ್ ಸಿಲಿಂಡರ್ ಕೂರಿಸಿದರೆ 4.5 ಮಿಲಿಮೀಟರಿನ ಗೋಲಿ ಹೊಡೆಯುತ್ತದೆ. ಈ ಹೊಡೆಯುವುದೇ ಬೇಡ ಅನ್ನುತ್ತಿದ್ದೇನೆ. ರಂಗದ ಮೇಲೆ ಎದುರಿಗೆ ಮನುಷ್ಯರಿರುತ್ತಾರೆ, ಅವರಿಗೆ ಕಣ್ಣಿರುತ್ತದೆ.

ಉಳಿದದ್ದು ಸ್ಪೇನಿನದು. ಮೆನೋರ್ಕಾ ಅನ್ನುವ ದ್ವೀಪದಲ್ಲಿ ಡೆನಿಕ್ಸ್ ಅಂತ ಒಂದು ಕಂಪನಿ 1966ರಿಂದ ಇದನ್ನೇ ಮಾಡಿಕೊಂಡು ಬಂದಿದೆ: ಗುಂಡು ಹಾರಿಸದ, ಆದರೆ ಹ್ಯಾಮರ್ (ಗುಂಡಿಗೆ ಬಡಿಯುವ ಹಿಂಬದಿಯ ಕೊಕ್ಕೆ) ಎಳೆದರೆ ಸಿಲಿಂಡರ್ (ಗುಂಡು ಕೂರುವ ಉರುಳೆ) ತಿರುಗುವ ಲೋಹದ ಮಾದರಿಗಳು. ಲೋಹ ಉಕ್ಕಲ್ಲ, ಝಮಾಕ್. ಸತುವಿಗೆ ಅಲ್ಯೂಮಿನಿಯಂ, ತಾಮ್ರ, ಮೆಗ್ನೀಷಿಯಂ ಬೆರೆಸಿ ಅಚ್ಚಿಗೆ ಹೊಯ್ದದ್ದು. ಕೈಯಲ್ಲಿ ಹಿಡಿದರೆ ಒಂದು ಕಿಲೋದ ಆಸುಪಾಸು, ಅಸಲಿಯೂ ಅಷ್ಟೇ. ನಿಮಗೆ ಬೇಕಾದದ್ದು ಈ ಜಾತಿಯದು. ಡೆನಿಕ್ಸೇ ಆಗಬೇಕೆಂದಿಲ್ಲ, ಅದೇ ರೀತಿಯ ಬೇರೆ ಹೆಸರಿನವೂ ಹೆಸರೇ ಇಲ್ಲದವೂ ಮುಂಬಯಿಯಲ್ಲಿ ಓಡಾಡುತ್ತಿವೆ. ಹೊಸದು ಇಲ್ಲಿಗೆ ಬಂದು ಮುಟ್ಟುವಾಗ ನಿಮ್ಮ ಆರು ಸಾವಿರವನ್ನು ದಾಟೀತು. ನನ್ನ ಹತ್ತಿರ ಇರುವುದನ್ನು ಒಬ್ಬ ಆರ್ಟ್ ಡೈರೆಕ್ಟರರ ಗೋದಾಮು ಖಾಲಿಯಾಗುವಾಗ ಎರಡು ಲಾಟೀನು, ಒಂದು ಗ್ರಾಮಾಫೋನಿನ ಕಹಳೆಯ ಜೊತೆ ನಾಲ್ಕೂವರೆ ಸಾವಿರಕ್ಕೆ ಎತ್ತಿಕೊಂಡು ಬಂದೆ. ಕಹಳೆ ಸೋರುತ್ತಿತ್ತು, ರಿವಾಲ್ವರ್ ಸರಿಯಾಗಿತ್ತು.

ಈಗ ಆಯ್ಕೆ. ಬಹಳ ಜನ ಹೊಳಪು ನೋಡಿ ಕೊಳ್ಳುತ್ತಾರೆ, ನೀವು ಕಿವಿಯಿಂದ ಕೊಳ್ಳಿ.

ಕೋಲ್ಟ್ ಸಿಂಗಲ್ ಆ್ಯಕ್ಷನ್ ಆರ್ಮಿ ಅಂತ ಇದರ ಪೂರ್ತಿ ಹೆಸರು, ಪೀಸ್‌ಮೇಕರ್ ಅನ್ನುವುದು ಅಡ್ಡಹೆಸರು. ಸಿಂಗಲ್ ಆ್ಯಕ್ಷನ್ ಅಂದರೆ ಟ್ರಿಗರಿಗೆ ಒಂದೇ ಕೆಲಸ, ಹ್ಯಾಮರನ್ನು ಬಿಡುವುದು. ಎಳೆಯುವ ಕೆಲಸ ಹೆಬ್ಬೆರಳಿನದು. ಹ್ಯಾಮರ್ ಎಳೆಯದೆ ಟ್ರಿಗರನ್ನು ಎಷ್ಟು ಒತ್ತಿದರೂ ಏನೂ ಆಗುವುದಿಲ್ಲ. (ಮುಂಬಯಿಯಲ್ಲಿ ಹ್ಯಾಮರಿಗೆ ಘೋಡಾ ಅನ್ನುತ್ತಾರೆ, ಟಪೋರಿಗಳ ಬಾಯಲ್ಲಿ ಇಡೀ ಪಿಸ್ತೂಲಿಗೇ ಘೋಡಾ. ನಮ್ಮ ಕುಂದಾಪುರದ ಕಡೆ ಅಜ್ಜ ಕೂಡ ಕೋವಿಯ ಕುದುರೆ ಅಂತಲೇ ಹೇಳುತ್ತಿದ್ದರು.) ಅಸಲಿ ಕೋಲ್ಟಿನ ಹ್ಯಾಮರನ್ನು ನಿಧಾನವಾಗಿ ಹಿಂದಕ್ಕೆ ಎಳೆದರೆ ನಾಲ್ಕು ಸಲ ಕಟಕ್ ಅನ್ನುತ್ತದೆ. ಮೊದಲನೆಯದು ಕಾವಲಿನ ಕಚ್ಚು, ಹ್ಯಾಮರನ್ನು ಗುಂಡಿನಿಂದ ತುಸು ದೂರ ಹಿಡಿದಿಡುವುದು. ಎರಡನೆಯದು ಅರ್ಧ ಎಳೆತ: ಇಲ್ಲಿ ಸಿಲಿಂಡರ್ ಸಡಿಲವಾಗಿ ತಿರುಗುತ್ತದೆ, ಗುಂಡು ತುಂಬುವುದು ಈಗ. ಮೂರನೆಯದು ಸಿಲಿಂಡರನ್ನು ಹಿಡಿದು ನಿಲ್ಲಿಸುವ ತುಂಡು ಬಂದು ಕೂರುವ ಸದ್ದು. ನಾಲ್ಕನೆಯದು ಪೂರ್ತಿ ಎಳೆತ. ಕೋಲ್ಟ್ ಅನ್ನುವ ಹೆಸರಿಗೆ ಇಂಗ್ಲಿಷಿನಲ್ಲಿ ನಾಲ್ಕೇ ಅಕ್ಷರ ಇರುವುದರಿಂದ ಅಕ್ಷರಕ್ಕೊಂದು ಕಟಕ್ ಅಂತ ಅಲ್ಲಿಯವರು ತಮಾಷೆ ಮಾಡುತ್ತಾರೆ.

ಅಗ್ಗದ ನಕಲಿನಲ್ಲಿ ನಾಲ್ಕೂ ಸಿಗುವುದು ಅಪರೂಪ. ಎರಡು ಸಿಕ್ಕರೆ ತಗೊಳ್ಳಿ, ಒಂದೇ ಆದರೆ ಬಿಡಿ. ಯಾಕೆ ಇಷ್ಟು ಹಟ ಅಂದರೆ, ಸಭಾಂಗಣದ ಹತ್ತನೇ ಸಾಲಿನಿಂದ ಆಚೆಗೆ ನಿಮ್ಮ ಕೆತ್ತನೆ, ಹದ್ದಿನ ಚಿತ್ರ, ಯಾವುದೂ ಯಾರಿಗೂ ಕಾಣುವುದಿಲ್ಲ. ಆದರೆ ಸಭೆ ಉಸಿರು ಹಿಡಿದು ಕೂತಾಗ ಕಟಕ್ ಕಟಕ್ ಅನ್ನುವುದು ಬಾಲ್ಕನಿಗೂ ಕೇಳುತ್ತದೆ. ಇನ್ನು ಗೋಡೆಯ ಮೇಲಿನದನ್ನು ನೀವು ವರ್ಷಕ್ಕೆ ಎಷ್ಟು ಸಲ ನೋಡುತ್ತೀರಿ? ಬಂದ ನೆಂಟರೆಲ್ಲ ಕೆಳಗಿಳಿಸಿ ಹ್ಯಾಮರ್ ಎಳೆದು ನೋಡದೆ ಬಿಡುವುದಿಲ್ಲ, ಅದನ್ನು ನೋಡಿಯೇ ಹೇಳುತ್ತಿದ್ದೇನೆ.

ಕೈಗೆ ತಗೊಂಡಾಗ ಹೀಗೆ ಮಾಡಿ. ಹ್ಯಾಮರನ್ನು ಪೂರ್ತಿ ಎಳೆದು ನಿಲ್ಲಿಸಿ, ಇನ್ನೊಂದು ಕೈಯಿಂದ ಸಿಲಿಂಡರನ್ನು ಅಲ್ಲಾಡಿಸಿ. ಸ್ವಲ್ಪ ಕದಲಿದರೆ ಪರವಾಗಿಲ್ಲ, ತಿರುಗಿಯೇಬಿಟ್ಟರೆ ಒಳಗಿನ ತುಂಡು ಸವೆದಿದೆ. ಆಮೇಲೆ ಟ್ರಿಗರ್ ಮುಟ್ಟದೆ, ಹ್ಯಾಮರಿನ ಬೆನ್ನನ್ನು ಹೆಬ್ಬೆರಳಿನಿಂದ ಮೆಲ್ಲಗೆ ಮುಂದಕ್ಕೆ ಒತ್ತಿ. ಜಾರಿ ಬಿದ್ದರೆ ಹಿಡಿದಿಡುವ ಕಚ್ಚು ಹೋಗಿದೆ ಅಂತ ಲೆಕ್ಕ. ಝಮಾಕಿನ ರೋಗವೇ ಇದು. ಮೆದು ಲೋಹ, ಕಚ್ಚಿನ ಅಂಚು ಬೇಗ ದುಂಡಗಾಗುತ್ತದೆ. ಒಮ್ಮೆ ದುಂಡಗಾದಮೇಲೆ ಅರದಿಂದ ಉಜ್ಜಿದರೆ ಇನ್ನಷ್ಟು ಕೆಡುತ್ತದೆ, ವೆಲ್ಡಿಂಗಿನವನ ಹತ್ತಿರ ಕೊಟ್ಟರೆ ಕರಗಿ ಹನಿಯಾಗಿ ಬೀಳುತ್ತದೆ. ಬಲಮಗ್ಗುಲಲ್ಲಿ ಸಿಲಿಂಡರಿನ ಹಿಂದೆ ಒಂದು ಪುಟ್ಟ ಬಾಗಿಲಿರುತ್ತದೆ, ಗುಂಡು ತುಂಬುವ ಬಾಗಿಲು. ಅದು ತೆರೆದು ಮುಚ್ಚಿದರೆ ಸಂತೋಷ. ನಳಿಗೆಯ ಕೆಳಗೆ ಬಲಕ್ಕೆ ಖಾಲಿ ತೋಟೆ ತಳ್ಳುವ ಕಡ್ಡಿಯ ಕೊಳವೆ. ಅದು ಬರೀ ಅಚ್ಚಿನ ಆಕಾರವಾಗಿದ್ದರೂ ಚಿಂತೆಯಿಲ್ಲ, ಯಾರು ನೋಡುತ್ತಾರೆ.

ನೋಡಲೇಬೇಕಾದದ್ದು ನಳಿಗೆಯ ಬಾಯಿ. ಮೊಬೈಲಿನ ಟಾರ್ಚ್ ಹಿಡಿದು ನೋಡಿ. ಒಂದು ಬೆರಳಷ್ಟು ಒಳಗೆ ಲೋಹ ತುಂಬಿ ಮುಚ್ಚಿರಬೇಕು. ಬೆಳಕು ಆಚೆಗೆ ಹೋದರೆ ಕೆಳಗಿಟ್ಟು ಕೈ ಒರೆಸಿಕೊಂಡು ಹೊರಟುಬನ್ನಿ.

ನಳಿಗೆಯ ಉದ್ದಕ್ಕೆ ಬಂದರೆ, ಅಸಲಿ ಹೆಚ್ಚಾಗಿ ಬಂದದ್ದು ಮೂರು ಅಳತೆಯಲ್ಲಿ: 4¾, 5½, 7½ ಇಂಚು. 1873ರಲ್ಲಿ ಅಮೆರಿಕದ ಕುದುರೆ ಸೈನ್ಯಕ್ಕೆ ಕೊಟ್ಟದ್ದು ಏಳೂವರೆಯದು, ನಿಮ್ಮ ಕನಸಿನಲ್ಲಿ ಬರುವುದೂ ಬಹುಶಃ ಅದೇ. ಗೋಡೆಗೆ ಅದೇ ಚೆಂದ, ಒಟ್ಟು 33 ಸೆಂಟಿಮೀಟರ್, ತೋರಣದ ಹಾಗೆ ಕಾಣುತ್ತದೆ. ಆದರೆ ಸಂಘದ ನಾಟಕದ ಕೌಬಾಯ್ ಅದನ್ನು ಸೊಂಟದಿಂದ ಎಳೆಯುವಾಗ ಪಟ್ಟಿಗೆ ಸಿಕ್ಕಿಕೊಂಡು ಪ್ಯಾಂಟೂ ಜೊತೆಗೆ ಬಂದೀತು. ಹಾಸ್ಯ ನಾಟಕ ಅಂದಿರಿ, ಆದರೂ. ಎರಡಕ್ಕೂ ಒಂದೇ ಆಗಬೇಕಾದರೆ ಐದೂವರೆ ನೋಡಿ.

ಬಣ್ಣದಲ್ಲಿ ಮಂಕಾದ ಬೂದಿ ಅಥವಾ ಕಪ್ಪು ತಗೊಳ್ಳಿ. ನಿಕ್ಕಲ್ ಹೊಳಪು ಬೇಡ, ಸ್ಪಾಟ್‌ಲೈಟ್ ಬಿದ್ದರೆ ಮುಂದಿನ ಸಾಲಿನವರ ಕಣ್ಣಿಗೆ ಹೊಡೆಯುತ್ತದೆ. ಅಂಥದೇ ಸಿಕ್ಕಿದರೆ ಬಟ್ಟೆ ಸೋಪನ್ನು ಒದ್ದೆ ಮಾಡಿ ಮೇಲೆ ಸವರಿ ಒಣಗಿಸಿ, ಮಂಕಾಗುತ್ತದೆ. ನಾಟಕ ಮುಗಿದಮೇಲೆ ಒರೆಸಿಬಿಡಿ. ಹಿಡಿ ಮರದ್ದಾದರೆ ಉತ್ತಮ. ಸೈನ್ಯದ ಮೊದಲ ಕೋಲ್ಟುಗಳಿಗೆ ವಾಲ್‌ನಟ್ ಮರದ ಒಂದೇ ತುಂಡಿನ ಹಿಡಿ ಇತ್ತು. ದಂತದ ಬಣ್ಣದ ಪ್ಲಾಸ್ಟಿಕ್ ಹಿಡಿಯನ್ನು ಅಂಗಡಿಯವನು ‘ಮೋತಿ’ ಅಂತ ಹೇಳಿ ಐನೂರು ಹೆಚ್ಚು ಕೇಳುತ್ತಾನೆ, ಕೊಡಬೇಡಿ.

ಎಲ್ಲಿ ಸಿಗುತ್ತದೆ? ಚೋರ್ ಬಜಾರಿನ ಮಟನ್ ಸ್ಟ್ರೀಟಿಗೆ ಹೋಗಿ ಬನ್ನಿ, ಆದರೆ ಶುಕ್ರವಾರ ಬೇಡ, ಅಂಗಡಿಗಳಿಗೆ ರಜೆ. ಅಲ್ಲಿ ಪ್ರತಿಯೊಂದೂ ‘ಅಂಗ್ರೇಜೋಂ ಕೆ ಜಮಾನೇ ಕಾ’. ಇದನ್ನು ಸಾಮ್ಯುಯೆಲ್ ಕೋಲ್ಟ್ ತನ್ನ ಕೈಯಾರೆ ಮಾಡಿದ್ದು ಅಂತ ಒಬ್ಬರು ನನಗೂ ಹೇಳಿದ್ದರು. ಆ ಮನುಷ್ಯ ತೀರಿಕೊಂಡದ್ದು 1862ರಲ್ಲಿ, ಈ ರಿವಾಲ್ವರ್ ಬಂದದ್ದು 1873ರಲ್ಲಿ, ರೂಪಿಸಿದ್ದು ಅದೇ ಕಂಪನಿಯ ವಿಲಿಯಂ ಮೇಸನ್. ನಾನು ಹೇಳಲು ಹೋಗಲಿಲ್ಲ. ಚಹಾ ತರಿಸಿದ್ದರು, ಕುಡಿದು ಬಂದೆ. ಅದಕ್ಕಿಂತ ಒಳ್ಳೆಯ ದಾರಿ ಅಂದರೆ ಅಂಧೇರಿ, ಗೋರೆಗಾಂವ್ ಕಡೆ ಸಿನಿಮಾಕ್ಕೆ ಸಾಮಾನು ಬಾಡಿಗೆಗೆ ಕೊಡುವವರು. ಹಳೆಯದಾದ ಡಮ್ಮಿಗಳನ್ನು ಅವರು ಆಗಾಗ ಮಾರುತ್ತಾರೆ. ಬಿಲ್ಲು ಕೇಳಿ, ‘ನಾಟಕದ ಡಮ್ಮಿ, ನಳಿಗೆ ಮುಚ್ಚಿದ್ದು’ ಅಂತ ಬರೆಸಿಕೊಳ್ಳಿ. ಹೊರದೇಶದಿಂದ ನೀವೇ ಪಾರ್ಸೆಲ್ ತರಿಸುವ ಸಾಹಸ ಬೇಡ. ಕಸ್ಟಮ್ಸಿನಲ್ಲಿ ಎಕ್ಸ್‌ರೇ ಯಂತ್ರಕ್ಕೆ ಕಾಣುವುದು ರಿವಾಲ್ವರಿನ ಆಕಾರ, ಅದಕ್ಕೆ ನಾಟಕ ಗೊತ್ತಿಲ್ಲ.

ಝಮಾಕಿನ ಬಗ್ಗೆ ಹೇಳಿದೆನಲ್ಲ, ಒಂದು ಪ್ರಸಂಗ. ತೊಂಬತ್ತರ ದಶಕ, ಮಾಟುಂಗಾದಲ್ಲಿ ಒಂದು ಕನ್ನಡ ಪತ್ತೇದಾರಿ ನಾಟಕ. ಕೊನೆಯ ಅಂಕದಲ್ಲಿ ಖಳನು ನಾಯಕಿಯ ಅಪ್ಪನ ಎದುರು ನಿಂತು ಹ್ಯಾಮರ್ ಎಳೆಯಬೇಕು. ತಾಲೀಮಿನಲ್ಲಿ ದಿನಾ ಐವತ್ತು ಸಲ ಎಳೆದೆಳೆದು ಆಟವಾಡಿದ್ದ, ಬೇಡ ಅಂದರೂ ಕೇಳಿರಲಿಲ್ಲ. ಅವತ್ತು ಎಳೆದ, ಹ್ಯಾಮರ್ ಬುಡದಲ್ಲೇ ಮುರಿದು ಹೆಬ್ಬೆರಳ ಜೊತೆ ಬಂತು. ಮುರಿದ ಜಾಗ ಕಲ್ಲುಸಕ್ಕರೆ ಒಡೆದ ಹಾಗೆ ಬೆಳ್ಳಗೆ, ಕಾಳು ಕಾಳು. ಅವನು ಅದನ್ನೊಮ್ಮೆ ನೋಡಿ, ಅಂಗಿಯ ಜೇಬಿಗೆ ಹಾಕಿಕೊಂಡು, ‘ಇವತ್ತು ಶನಿವಾರ, ನಾನು ಕೊಲ್ಲುವುದಿಲ್ಲ’ ಅಂದ. ಸಭೆ ಐದು ನಿಮಿಷ ನಕ್ಕಿತು. ಬರೆದವರು ನನ್ನ ಹತ್ತಿರ ಆರು ತಿಂಗಳು ಮಾತಾಡಲಿಲ್ಲ. ಅಲ್ಲಿಂದೀಚೆಗೆ ತಾಲೀಮಿಗೆ ಮರದ್ದು, ಆಟಕ್ಕೆ ಮಾತ್ರ ಲೋಹದ್ದು. ನೀವೂ ಹಾಗೇ ಮಾಡಿ. ಮರದ ತುಂಡಿಗೆ ಅದೇ ತೂಕ ಬರಲು ಹೊಟ್ಟೆಯಲ್ಲಿ ಒಂದು ತೂತು ಕೊರೆದು ಮೀನುಗಾರರ ಸೀಸದ ಗುಂಡು ತುಂಬಿದರೆ ಸಾಕು.

ಡೊಂಬಿವಲಿಯಿಂದ ನಾಟಕದ ಹಾಲಿಗೆ ಲೋಕಲಿನಲ್ಲೇ ಹೋಗುವುದಲ್ಲವೇ? ಹಾಗಾದರೆ ಇದನ್ನೂ ಕೇಳಿ. 2008ರ ಡಿಸೆಂಬರ್, ದಾಳಿಯಾಗಿ ಮೂರು ವಾರವೂ ಆಗಿರಲಿಲ್ಲ. ನನ್ನ ಬಗಲಿನ ಚೀಲದಲ್ಲಿ ಟವಲು ಸುತ್ತಿದ ಎರಡು ಡಮ್ಮಿ. ಒಂದು ಸ್ಟೇಷನ್ನಿನಲ್ಲಿ ಚೀಲ ತೆರೆಯಿಸಿದರು. ಮೂರು ಗಂಟೆ ಬೆಂಚಿನ ಮೇಲೆ ಕೂತಿದ್ದೆ. ತಪ್ಪು ನೂರಕ್ಕೆ ನೂರು ನನ್ನದು: ಪತ್ರವಿಲ್ಲ, ಬಿಲ್ಲಿಲ್ಲ, ಮೇಲಿಂದ ಟವಲಿನ ಮೇಲೆ ಕುಂಕುಮದ ಬಣ್ಣ, ಹಿಂದಿನ ನಾಟಕದ ರಕ್ತ. ಅಂದಿನಿಂದ ಸಂಘದ ಲೆಟರ್‌ಹೆಡ್ಡಿನಲ್ಲಿ ಪತ್ರ, ಬಿಲ್ಲಿನ ನಕಲು, ಬೀಗ ಹಾಕಿದ ಪೆಟ್ಟಿಗೆ. ಹಾಲಿನ ಹತ್ತಿರದ ಠಾಣೆಗೆ ನಾಟಕದ ದಿನಾಂಕ ಬರೆದು ಮುಂಚೆಯೇ ಒಂದು ಪತ್ರ ಕೊಟ್ಟು, ಠಸ್ಸೆ ಹಾಕಿಸಿಕೊಂಡ ಪ್ರತಿ ಇಟ್ಟುಕೊಳ್ಳುತ್ತೇನೆ. ವಿಮಾನದಲ್ಲಾದರೆ ಕೈಚೀಲದಲ್ಲಿ ಆಟಿಕೆ ಪಿಸ್ತೂಲನ್ನೂ ಬಿಡುವುದಿಲ್ಲ, ನೆನಪಿರಲಿ.

ಕೊನೆಯದಾಗಿ ಗೋಡೆ. ಡೊಂಬಿವಲಿಯ ಮಳೆಗಾಲ ನಿಮಗೆ ಹೇಳಬೇಕಿಲ್ಲ. ಹೊರಗೋಡೆಗೆ ತೂಗುಹಾಕಿದರೆ ಜುಲೈ ಹೊತ್ತಿಗೆ ಸತುವಿನ ಮೇಲೆ ಬಿಳಿ ಹುಡಿ ಕೂರುತ್ತದೆ, ಮರದ ಹಿಡಿಗೆ ಬೂಷ್ಟು. ಒಳಗೋಡೆಗೆ ಹಾಕಿ, ಬೀದಿಯ ಕಿಟಕಿಯಿಂದ ಕಾಣದ ಹಾಗೆ. ಗಾಜಿನ ಚೌಕಟ್ಟಾದರೆ ಹಿಂದೆ ಸಿಲಿಕಾ ಜೆಲ್ಲಿನ ಎರಡು ಪುಡಿಕೆ ಇಡಿ. ಹ್ಯಾಮರಿನ ಬುಡಕ್ಕೆ ಹೊಲಿಗೆ ಮಿಷನ್ನಿನ ಎಣ್ಣೆ ಒಂದೇ ಹನಿ. ತೆಂಗಿನೆಣ್ಣೆ ಹಾಕಬೇಡಿ ಮಾರಾಯ್ರೆ, ನಮ್ಮವರು ಎಲ್ಲದಕ್ಕೂ ಅದನ್ನೇ ಹಾಕುತ್ತಾರೆ, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಒಳಗಿನದೆಲ್ಲ ಅಂಟಿಕೊಳ್ಳುತ್ತದೆ.

ಪ್ರಶ್ನೆ: ಮಾಮಾ, ನಾನು ವಾಶಿಯ ಕಾಲೇಜು ವಿದ್ಯಾರ್ಥಿನಿ. 1897ರ ಪುಣೆಯ ಪ್ಲೇಗಿನ ಮೇಲೆ ಕನ್ನಡದಲ್ಲಿ ಒಂದು ಏಕಾಂಕ ಆಡುತ್ತಿದ್ದೇವೆ. ಬ್ರಿಟಿಷ್ ಅಧಿಕಾರಿಯ ಪಾತ್ರಕ್ಕೆ ಕೌಬಾಯ್ ರಿವಾಲ್ವರಿನ ಡಮ್ಮಿ ಸಿಕ್ಕಿದೆ, ಬಾಡಿಗೆ ಕಡಿಮೆ. ನಡೆಯುತ್ತದಾ?

ಉತ್ತರ: ಕಾಲದ ಲೆಕ್ಕದಲ್ಲಿ ನಡೆಯುತ್ತದೆ, ಕಣ್ಣಿನ ಲೆಕ್ಕದಲ್ಲಿ ನಡೆಯುವುದಿಲ್ಲ ಮಗಾ. ಕೋಲ್ಟ್ ಕಂಪನಿ ಲಂಡನ್ನಿನಲ್ಲೂ ಅಂಗಡಿ ಇಟ್ಟುಕೊಂಡು ಇದೇ ರಿವಾಲ್ವರನ್ನು ಇಂಗ್ಲಿಷ್ ಅಳತೆಯ ಗುಂಡಿಗೆ ಮಾಡಿ ಮಾರಿತ್ತು. ಆ ಕಾಲದ ಅಧಿಕಾರಿಗಳು ತಮ್ಮ ರಿವಾಲ್ವರನ್ನು ತಾವೇ ದುಡ್ಡು ಕೊಟ್ಟು ಕೊಳ್ಳುತ್ತಿದ್ದರು, ಆದ್ದರಿಂದ ಒಬ್ಬನ ಸೊಂಟದಲ್ಲಿ ಕೋಲ್ಟ್ ಇರಲಿಕ್ಕೇ ಸಾಧ್ಯವಿಲ್ಲ ಅನ್ನುವ ಹಾಗಿಲ್ಲ. ಆದರೆ ಅದನ್ನು ಹೊರತೆಗೆದ ಕೂಡಲೇ ಸಭೆಯಲ್ಲಿ ಒಬ್ಬ ಹುಡುಗ ಸಿಳ್ಳೆ ಹೊಡೆಯುತ್ತಾನೆ, ನಿಮ್ಮ ಪ್ಲೇಗು ಅಲ್ಲಿಗೇ ವಾಸಿಯಾಯಿತು.

ಬೇಕಾದದ್ದು ಇಂಗ್ಲೆಂಡಿನ ವೆಬ್ಲಿ ರಿವಾಲ್ವರ್. 1887ರಲ್ಲಿ ಬ್ರಿಟಿಷ್ ಸೈನ್ಯ ಮೊದಲನೇ ಮಾದರಿಯನ್ನು ತೆಗೆದುಕೊಂಡಿತು. ಅದು ಡಬಲ್ ಆ್ಯಕ್ಷನ್, ಟ್ರಿಗರ್ ಒತ್ತಿದರೆ ಹ್ಯಾಮರ್ ತಾನೇ ಎದ್ದು ಬೀಳುತ್ತದೆ. ನಡುವಿನಲ್ಲಿ ಮಡಚಿ ನಳಿಗೆ ಕೆಳಕ್ಕೆ ಬಾಗಿಸಿದರೆ ಖಾಲಿ ತೋಟೆಗಳೆಲ್ಲ ಒಟ್ಟಿಗೆ ಹೊರಗೆ. ಹಿಡಿಯ ತಳದಲ್ಲಿ ಹಗ್ಗ ಕಟ್ಟುವ ಬಳೆ ಇರುತ್ತದೆ. ಆ ಬಳೆಗೆ ಒಂದು ಖಾಕಿ ಹಗ್ಗ ಕಟ್ಟಿ ಅಧಿಕಾರಿಯ ಕೊರಳಿಗೆ ಹಾಕು, ಅರ್ಧ ಬ್ರಿಟಿಷ್ ಸಾಮ್ರಾಜ್ಯ ಬಂದಂತೆ. ಬಾಡಿಗೆಯವರು ಆರನೇ ಮಾದರಿ ಕೊಡುತ್ತಾರೆ, ಅದು 1915ರದು. ಹಿಡಿಯ ಆಕಾರ ಬೇರೆ, ಚೌಕಾಗಿ ಅಗಲ. ಅದನ್ನೇ ತಗೋ. ಈ ವ್ಯತ್ಯಾಸ ಕಂಡುಹಿಡಿಯುವವರು ಇಡೀ ಮುಂಬಯಿಯ ಕನ್ನಡಿಗರಲ್ಲಿ ನಾನೊಬ್ಬನೇ, ನನ್ನನ್ನು ಕರೆಯಬೇಡ.

ಇನ್ನೊಂದು. ಪುಣೆಯ ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಗುಂಡು ಹಾರಿದ್ದು 22 ಜೂನ್ 1897ರ ರಾತ್ರಿ, ಗಣೇಶಖಿಂಡ್ ರಸ್ತೆಯಲ್ಲಿ, ಗಾಡಿಯಲ್ಲಿ ಹೋಗುವಾಗ. ಹಾಗಾಗಿ ರಂಗದಲ್ಲಿ ಹೇಗೂ ಕತ್ತಲೆ. ಕತ್ತಲಲ್ಲಿ ಪಿಸ್ತೂಲು ಕಾಣಿಸುವುದಕ್ಕಿಂತ ಸದ್ದು ಮುಖ್ಯ. ಪಟಾಕಿ, ಟಿಕ್ಲಿ ಏನೂ ಬೇಡ. ಎರಡು ಅಡಿಯ ಎರಡು ಸಾಗುವಾನಿ ಹಲಗೆಗೆ ಒಂದು ತುದಿಯಲ್ಲಿ ಬಾಗಿಲ ತಿರುಗಣಿ ಹೊಡೆದು, ಪರದೆಯ ಹಿಂದೆ ನಿಂತು ಫಟ್ಟನೆ ಮುಚ್ಚಬೇಕು. ರೆಕಾರ್ಡಿಂಗ್ ಹಾಕಿದರೆ ಒಂದು ಕ್ಷಣ ತಡವಾಗಿ ಬರುತ್ತದೆ, ಸತ್ತವನು ಮೊದಲು ಬೀಳುತ್ತಾನೆ.

ಪ್ರಶ್ನೆ: ಅಣ್ಣಾ, ನನ್ನ ಮಗ ಪುಣೆಯಲ್ಲಿ ಕೆಲಸದಲ್ಲಿದ್ದಾನೆ. ಕೌಬಾಯ್ ರಿವಾಲ್ವರಿನಂತೆಯೇ ಕಾಣುವ ಗ್ಯಾಸಿನ ಪಿಸ್ತೂಲು ತಂದಿದ್ದಾನೆ. ‘ಲೈಸೆನ್ಸ್ ಬೇಡಮ್ಮ, ಏರ್‌ಗನ್’ ಅನ್ನುತ್ತಾನೆ. ನನಗೆ ಹೆದರಿಕೆ.

ಉತ್ತರ: ನಿಮ್ಮ ಮಗ ಸುಳ್ಳು ಹೇಳುತ್ತಿಲ್ಲ ತಾಯಿ. 2016ರ ಆರ್ಮ್ಸ್ ರೂಲ್ಸ್ ಪ್ರಕಾರ 0.177 ಇಂಚಿಗೆ, ಅಂದರೆ 4.5 ಮಿಲಿಮೀಟರಿಗೆ ಮೀರದ ನಳಿಗೆ, 20 ಜೂಲಿಗೆ ಮೀರದ ಶಕ್ತಿ ಇದ್ದರೆ ಏರ್‌ಗನ್ನಿಗೆ ಲೈಸೆನ್ಸ್ ಬೇಡ. ಈ ಗ್ಯಾಸಿನ ರಿವಾಲ್ವರುಗಳು 20ರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಕೊಂಡ ಬಿಲ್ಲು ಅವನ ಹತ್ತಿರ ಇದೆಯೇ ಕೇಳಿ. ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ. ಟೆರೇಸಿನಲ್ಲಿ ಪಾರಿವಾಳಕ್ಕೆ ಹೊಡೆಯುವುದು ಬೇಡ, ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಇಡುವುದು ಬೇಡ, ಪಾರ್ಕಿಂಗ್ ಜಗಳದಲ್ಲಿ ತೋರಿಸುವುದಂತೂ ಬೇಡವೇ ಬೇಡ. ಎದುರಿನವನಿಗೆ ಅದು ರಿವಾಲ್ವರೇ, ಬೆದರಿಕೆ ಹಾಕಿದ ಕೇಸೂ ನಿಜವಾದದ್ದೇ. ಹೆದರಿಕೆ ಹೋಗದಿದ್ದರೆ ಗ್ಯಾಸ್ ಸಿಲಿಂಡರುಗಳ ಡಬ್ಬಿಯನ್ನು ಊರಿಗೆ ಬರುವಾಗ ನಿಮ್ಮ ಕೈಗೆ ಕೊಡಲು ಹೇಳಿ. ಅದಿಲ್ಲದೆ ಅದು ಒಂದು ಕಿಲೋ ಕಬ್ಬಿಣ.

ಪ್ರಶ್ನೆ: ಕೌಬಾಯ್‌ಗಳು ಆರು ಗುಂಡಿನ ರಿವಾಲ್ವರಿನಲ್ಲಿ ಐದೇ ಗುಂಡು ಹಾಕುತ್ತಿದ್ದರು ಅಂತ ಓದಿದೆ. ಜಿಪುಣತನವೇ? (ಮೀರಾ ರೋಡಿನಿಂದ ಒಬ್ಬ ಓದುಗರು)

ಉತ್ತರ: ಜೀವದ ಆಸೆ. ಈ ಕೋಲ್ಟಿನಲ್ಲಿ ಗುಂಡಿನ ಬೆನ್ನಿಗೆ ಬಡಿಯುವ ಸೂಜಿ ಹ್ಯಾಮರಿನ ಮೂತಿಯಲ್ಲೇ ಇದೆ. ಸಿಲಿಂಡರಿನ ಆರೂ ಮನೆ ತುಂಬಿದ್ದರೆ ಸೂಜಿ ಸೀದಾ ಒಂದು ಗುಂಡಿನ ಮೇಲೆ ಕೂತಿರುತ್ತದೆ, ಕೈಜಾರಿ ನೆಲಕ್ಕೆ ಬಿದ್ದರೆ ಹಾರಿಬಿಡಬಹುದು. ಹ್ಯಾಮರಿನ ಮೊದಲ ಕಚ್ಚು ಕಾವಲಿಗೆಂದೇ ಇದ್ದರೂ ಅದನ್ನು ನಂಬಿದವರು ಕಡಿಮೆ. ಅದಕ್ಕೇ ಒಂದು ತುಂಬು, ಒಂದು ಬಿಡು, ನಾಲ್ಕು ತುಂಬು, ಆಮೇಲೆ ಪೂರ್ತಿ ಎಳೆದು ಮೆಲ್ಲಗೆ ಇಳಿಸು. ಸರಿಯಾಗಿ ಖಾಲಿ ಮನೆ ಹ್ಯಾಮರಿನ ಕೆಳಗೆ ಬಂದು ನಿಲ್ಲುತ್ತದೆ. ಹಾಗಾಗಿ ಎಣಿಸುತ್ತಾ ಕೂರುವ ಪ್ರೇಕ್ಷಕರು ಆರಕ್ಕಲ್ಲ, ಐದಕ್ಕೆ ನಿಲ್ಲಿಸಬೇಕು. ಸಿನಿಮಾದವರು ಹನ್ನೊಂದಕ್ಕೂ ನಿಲ್ಲಿಸುವುದಿಲ್ಲ. ಅದರಲ್ಲಿ ನನ್ನ ಪಾಲೂ ಇದೆ.

ಪ್ರಶ್ನೆ: ಪಣಜಿಯಲ್ಲಿ ನಾಟಕಕ್ಕೆ ತಗೊಂಡು ಹೋದ ಡಮ್ಮಿಯ ಹಿಡಿಯ ಸ್ಕ್ರೂ ಬಿದ್ದುಹೋಗಿದೆ, ಹಿಡಿ ಕಳಚುತ್ತದೆ. ಗೋಂದಿನಲ್ಲಿ ಅಂಟಿಸಿಬಿಡಲೇ?

ಉತ್ತರ: ಬೇಡ. ಒಳಗಿನ ಸ್ಪ್ರಿಂಗ್ ಮುರಿದ ದಿನ ಹಿಡಿ ಬಿಚ್ಚದೆ ದಾರಿಯಿಲ್ಲ, ಆಗ ಸುತ್ತಿಗೆ ಬೇಕಾಗುತ್ತದೆ. ಉಳಿದ ಅರ್ಧ ಹಿಡಿಯನ್ನು ಜೇಬಿಗೆ ಹಾಕಿಕೊಂಡು ಮುಂಬಯಿಯ ನಾಗದೇವಿ ಸ್ಟ್ರೀಟಿಗೆ ಹೋಗಿ, ನಟ್ಟು ಬೋಲ್ಟಿನ ಅಂಗಡಿಗಳು ಸಾಲಾಗಿವೆ. ಮಾತಿನಲ್ಲಿ ವಿವರಿಸಬೇಡಿ, ತೂತು ತೋರಿಸಿ. ಅವರು ಕಣ್ಣಲ್ಲೇ ಅಳೆದು ಡಬ್ಬಿಗೆ ಕೈ ಹಾಕುತ್ತಾರೆ. ಎರಡು ತಗೊಳ್ಳಿ, ಒಂದು ಮುಂದಿನ ನಾಟಕದಲ್ಲಿ ಬೀಳುತ್ತದೆ.